ದಿನದ ಧಮ್ಮ ಚಿಂತನೆ: ನಾವು ಯಾರನ್ನು ಕಾಯಿಸುತ್ತೇವೆ?



ಇವತ್ತಿನ ಚಿಂತನೆ ಸಮಯಪಾಲನೆಯ ಬಗ್ಗೆ. ಇದು ಶಾಲೆಯ ಗೋಡೆಯ ಮೇಲೆ ಬರೆಯುವ ಮಾತು, ಇದರಲ್ಲಿ ಧಮ್ಮ ಏನಿದೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು. ಹೋದ ವರ್ಷಾವಾಸದ ಒಂದು ಭಾನುವಾರ ನನ್ನಿಂದ ಒಂದು ತಪ್ಪಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಬುದ್ಧ ವಂದನೆ 10 ಗಂಟೆಗೆ ಅಂತ ಗ್ರೂಪಿನಲ್ಲಿ ಹಾಕಿದವನು ನಾನೇ. ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಿಂದ ಆ ದಿನದ ಭಾಗ ಓದಬೇಕಾದವನೂ ನಾನೇ. ಕೋಣೆಯ ಕೀಲಿಯೂ ನನ್ನ ಹತ್ತಿರವೇ ಇತ್ತು. ಮನೆ ಬಿಟ್ಟಾಗ 10 ಗಂಟೆ 20 ನಿಮಿಷ. ದಾರಿಯಲ್ಲಿ ಹಳೆಯ ಗೆಳೆಯ ಸಿಕ್ಕ, ಚಹಾ ಕುಡಿದೆವು. 'ನಮ್ಮವರೇ ತಾನೆ, ಕಾಯುತ್ತಾರೆ' ಅಂದುಕೊಂಡೆ. ನಾನು ಮುಟ್ಟಿದಾಗ 11ಕ್ಕೆ ಹತ್ತು ನಿಮಿಷ ಇತ್ತು.

ಮಳೆ ಜಿಟಿಜಿಟಿ ಹಿಡಿದಿತ್ತು. ಬೀಗ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ನಾಲ್ಕೈದು ಜನ ನಿಂತಿದ್ದರು. ಅವರ ನಡುವೆ ಜೋಯಿಡಾ ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಸೆರಗಿನಿಂದ ತಲೆ ಮುಚ್ಚಿಕೊಂಡು, ಹೂವು ಮತ್ತು ಮೇಣದಬತ್ತಿ ಇದ್ದ ಚೀಲವನ್ನು ಮಡಿಲಲ್ಲಿ ಒದ್ದೆಯಾಗದಂತೆ ಹಿಡಿದಿದ್ದರು. ಅವರ ಊರಿಗೆ ದಿನಕ್ಕೆ ಎರಡೇ ಬಸ್ಸು. ಬೆಳಗಿನ ಬಸ್ಸು ಹಿಡಿದು 9 ಗಂಟೆಗೇ ಬಂದಿದ್ದರಂತೆ. ವಂದನೆ ಶುರುವಾದಾಗ 11 ದಾಟಿತ್ತು, ಮುಗಿದಾಗ ಒಂದೂವರೆ. ಅವರು ಊರಿಗೆ ಮರಳಬೇಕಾದ ಮಧ್ಯಾಹ್ನದ ಬಸ್ಸು 1 ಗಂಟೆಗೇ ಹೋಗಿತ್ತು. ಸಂಜೆ ಅವರ ಊರಿನ ತಿರುವಿನವರೆಗೆ ಹೋಗುವ ಇನ್ನೊಂದು ಬಸ್ಸಿತ್ತು, ಅಲ್ಲಿಂದ ಕಾಡುದಾರಿಯಲ್ಲಿ ನಡೆದು ಹೋಗಬೇಕು. ನಾನು ಕೈ ಮುಗಿದು ತಪ್ಪಾಯಿತು ಅಂದೆ. ಅವರು ಸಿಟ್ಟು ಮಾಡಲಿಲ್ಲ.

"ಇರ್ಲಿ ತಮ್ಮಾ. ನಾವು ಕಾಯೂದು ಹೊಸಾದೇನಲ್ಲ" ಅಂದರು.

ಬೈದಿದ್ದರೆ ನಾನು ಎರಡು ದಿನದಲ್ಲಿ ಮರೆಯುತ್ತಿದ್ದೆ. ಈ ಮಾತು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಆ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅವರ ಜೊತೆ ಸಂಜೆಯವರೆಗೆ ಕೂತೆ. ತಮ್ಮ ಬಾಲ್ಯದ ಬಾವಿಯ ವಿಷಯ ಹೇಳಿದರು. ಅವರ ಅವ್ವ ಕೊಡ ಹಿಡಿದು ಬಾವಿಯಿಂದ ದೂರ ನಿಲ್ಲುತ್ತಿದ್ದಳಂತೆ. ಮೇಲಿನವರು ತಮ್ಮ ನೀರು ತುಂಬಿಕೊಂಡು, ತಮ್ಮ ಮಾತುಕತೆ ಮುಗಿಸಿ, ಮನಸ್ಸಾದರೆ ಎತ್ತರದಿಂದ ಇವರ ಕೊಡಕ್ಕೆ ಸುರಿಯುತ್ತಿದ್ದರು. ಮನಸ್ಸಾಗದಿದ್ದರೆ ಇನ್ನೊಬ್ಬರು ಬರುವ ತನಕ ನಿಲ್ಲಬೇಕು. "ನೀರಿಗಿಂತ ನಿಲ್ಲೂದೇ ಭಾಳ ಆಗ್ತಿತ್ತು" ಅಂದರು.

ಆಗ ನನಗೆ ಎರಡು ದಿನ ಹಿಂದಿನದು ನೆನಪಾಯಿತು. ಶುಕ್ರವಾರ ಒಂದು ಕಚೇರಿಯಲ್ಲಿ ಮಗಳ ಪ್ರಮಾಣಪತ್ರದ ಕೆಲಸವಿತ್ತು. ಹತ್ತೂವರೆಗೆ ಬನ್ನಿ ಅಂದಿದ್ದರು. ಮುಕ್ಕಾಲು ತಾಸು ಮೊದಲೇ ಹೋಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲ ಹತ್ತಿರ ನಿಂತಿದ್ದೆ. ಸಾಹೇಬರು ಬಂದಾಗ 12 ಗಂಟೆ. ನಾನು ನಗುತ್ತಲೇ ನಮಸ್ಕಾರ ಮಾಡಿದೆ. ಅಂದರೆ ಸಮಯ ಪಾಲಿಸುವುದು ನನಗೆ ಗೊತ್ತಿತ್ತು. ಅದನ್ನು ಯಾರ ಮುಂದೆ ಪಾಲಿಸಬೇಕು, ಯಾರ ಮುಂದೆ ಬಿಡಬಹುದು ಎಂಬ ಲೆಕ್ಕವೂ ನನ್ನೊಳಗೆ ಸರಿಯಾಗಿ ಕೂತಿತ್ತು.

ಬಂಧುಗಳೇ, ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ತಡ ಮಾಡುವುದು ಬರೀ ಸೋಮಾರಿತನ ಆಗಿರುವುದಿಲ್ಲ. ಅದು ನೀರಿನ ಹಾಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಮಂತ್ರಿ ಅಧಿಕಾರಿಯನ್ನು ಕಾಯಿಸುತ್ತಾನೆ, ಅಧಿಕಾರಿ ಗುಮಾಸ್ತನನ್ನು, ಗುಮಾಸ್ತ ಅರ್ಜಿದಾರನನ್ನು. ಅರ್ಜಿದಾರ ಮನೆಗೆ ಬಂದು ಹೆಂಡತಿಯನ್ನು ಕಾಯಿಸುತ್ತಾನೆ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ವ್ಯವಸ್ಥೆ. ಆ ಮೆಟ್ಟಿಲನ್ನು ನಾವು ತೊರೆದು ಬಂದೆವು. ಆದರೆ ಸಾಹೇಬರಿಗೆ ಮುಂಚೆ, ನಮ್ಮವರಿಗೆ ತಡ ಎಂಬ ಲೆಕ್ಕ ನಮ್ಮಲ್ಲಿ ಉಳಿದಿದ್ದರೆ, ಅದೇ ಮೆಟ್ಟಿಲನ್ನು ಕೈಗಡಿಯಾರದೊಳಗೆ ಇಟ್ಟುಕೊಂಡು ತಿರುಗುತ್ತಿದ್ದೇವೆ ಎಂದೇ ಅರ್ಥ.

*ಕಾಯುವ ಸಂಕಟ ನಮಗೆ ಗೊತ್ತಿಲ್ಲದ್ದಲ್ಲ*

ಬಾಬಾಸಾಹೇಬರು ತಮ್ಮ ಬದುಕಿನ ಕೆಲವು ಘಟನೆಗಳನ್ನು ಬರೆದ ಚಿಕ್ಕ ಆತ್ಮಕಥನಕ್ಕೆ 'ವೀಸಾಗಾಗಿ ಕಾಯುತ್ತಾ' ಎಂಬ ಹೆಸರಿದೆ. ಹೆಸರಿನಲ್ಲೇ ಕಾಯುವುದು ಇದೆ. ಅದರಲ್ಲಿ ಮೊದಲು ಬರುವುದು 1901ರ ಪ್ರಯಾಣ. ತಂದೆ ಗೋರೆಗಾಂವದಲ್ಲಿ ಕೆಲಸದಲ್ಲಿದ್ದರು. ಬಾಲಕ ಭೀಮರಾಯರು ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಹೊಸ ಬಟ್ಟೆ ತೊಟ್ಟು ಸಾತಾರೆಯಿಂದ ರೈಲಿನಲ್ಲಿ ಹೊರಟರು. ಮಸೂರ ನಿಲ್ದಾಣದಲ್ಲಿ ಇಳಿದರು. ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಮಕ್ಕಳ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತಿನ ಮೇಲೆ. ಬುತ್ತಿ ಕೈಯಲ್ಲಿದ್ದರೂ ಕುಡಿಯಲು ನೀರು ಕೊಡುವವರಿಲ್ಲದೆ ಆ ಮಕ್ಕಳು ರಾತ್ರಿ ಹಸಿದೇ ಮಲಗಿದರು.

ಊರು ಮುಟ್ಟಿದ ಮೇಲೆ ಕಾರಣ ತಿಳಿಯಿತು. ಮಕ್ಕಳು ಬರೆದ ಪತ್ರ ತಲುಪಿತ್ತು, ಆದರೆ ತಂದೆಯ ಸೇವಕ ಅದನ್ನು ಅವರ ಕೈಗೆ ಕೊಡಲು ಮರೆತಿದ್ದ.

ಆ ಸೇವಕನಲ್ಲಿ ಕೆಟ್ಟ ಉದ್ದೇಶ ಇತ್ತೆಂದು ಅಲ್ಲಿ ಬರೆದಿಲ್ಲ. ಒಂದು ಕಾಗದವನ್ನು ಹೊತ್ತಿಗೆ ಸರಿಯಾಗಿ ಕೊಡಲಿಲ್ಲ, ಅಷ್ಟೇ. ಮೇಲ್ಜಾತಿಯ ಮಕ್ಕಳಾಗಿದ್ದರೆ ಇನ್ನೊಂದು ಗಾಡಿ ಸಿಗುತ್ತಿತ್ತು, ಒಂದು ಚೊಂಬು ನೀರು ಸಿಗುತ್ತಿತ್ತು, ಆ ಮರೆವು ಸಣ್ಣದಾಗಿಯೇ ಉಳಿಯುತ್ತಿತ್ತು. ಈ ಮಕ್ಕಳಿಗೆ ಅದು ಇಡೀ ರಾತ್ರಿಯ ಬಾಯಾರಿಕೆ ಆಯಿತು. ಯಾರ ಬಳಿ ಎರಡನೆಯ ದಾರಿ ಇಲ್ಲವೋ ಅವರ ಮೇಲೆ ನಮ್ಮ ತಡ ಹೆಚ್ಚು ಭಾರವಾಗಿ ಬೀಳುತ್ತದೆ. ಬೈಕು ಇದ್ದವರಿಗೆ ನಾನು ಕದ್ದದ್ದು ಐವತ್ತು ನಿಮಿಷ. ಜೋಯಿಡಾದ ಅಜ್ಜಿಗೆ ಅದು ಇಡೀ ದಿನ, ಮೇಲೆ ಕತ್ತಲಲ್ಲಿ ಕಾಡುದಾರಿಯ ನಡಿಗೆ.

'ಕದ್ದದ್ದು' ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಪಂಚಶೀಲದ ಎರಡನೆಯ ಶೀಲ ಕೊಡದೇ ಇರುವುದನ್ನು ತೆಗೆದುಕೊಳ್ಳಬಾರದು ಎನ್ನುತ್ತದೆ. ಪಾಲಿಯಲ್ಲಿ ಅದು ಅದಿನ್ನಾದಾನ. ಹಣ, ಹೊಲ, ಚಿನ್ನ ಎಂದು ಅಲ್ಲಿ ಪಟ್ಟಿ ಇಲ್ಲ. ಒಬ್ಬರು ಕೊಟ್ಟಿದ್ದಾರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಅಜ್ಜಿ ನನಗೆ ಹತ್ತರಿಂದ ಹನ್ನೆರಡರವರೆಗಿನ ಸಮಯ ಕೊಟ್ಟಿದ್ದರು. ಉಳಿದದ್ದನ್ನು ನಾನು ಕೇಳದೇ ತೆಗೆದುಕೊಂಡೆ. ಕದ್ದ ಹಣವನ್ನಾದರೂ ಹಿಂದಕ್ಕೆ ಕೊಡಬಹುದು, ಆ ಮಧ್ಯಾಹ್ನವನ್ನು ನಾನು ಹೇಗೆ ಹಿಂದಕ್ಕೆ ಕೊಡಲಿ?

*ಒಟ್ಟಾಗಿ ಕೂಡುವುದು, ಒಟ್ಟಾಗಿ ಏಳುವುದು*

ಮಗಧದ ರಾಜ ಅಜಾತಶತ್ರು ವಜ್ಜಿಗಳ ಮೇಲೆ ದಂಡೆತ್ತಿ ಹೋಗಬೇಕೆಂದು ತನ್ನ ಮಂತ್ರಿ ವಸ್ಸಕಾರನನ್ನು ಭಗವಾನ್ ಬುದ್ಧರ ಬಳಿ ಕಳಿಸಿದ ಪ್ರಸಂಗ ಮಹಾಪರಿನಿಬ್ಬಾಣ ಸುತ್ತದ ಆರಂಭದಲ್ಲೇ ಇದೆ. ವಜ್ಜಿಗಳದ್ದು ಒಬ್ಬ ರಾಜನ ಆಳ್ವಿಕೆ ಅಲ್ಲ, ಸಭೆ ಸೇರಿ ತೀರ್ಮಾನ ಮಾಡುವ ಗಣರಾಜ್ಯ. ಬುದ್ಧರು ಮಂತ್ರಿಗೆ ನೇರ ಉತ್ತರ ಕೊಡದೆ ಆನಂದರನ್ನು ಏಳು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ವಜ್ಜಿಗಳು ಮೇಲಿಂದ ಮೇಲೆ ಸಭೆ ಸೇರುತ್ತಾರೆಯೇ ಎಂಬುದು. ಎರಡನೆಯದು, ಅವರು ಒಟ್ಟಾಗಿ ಕೂಡುತ್ತಾರೆಯೇ, ಒಟ್ಟಾಗಿ ಏಳುತ್ತಾರೆಯೇ, ಒಟ್ಟಾಗಿ ಕೆಲಸ ಮಾಡುತ್ತಾರೆಯೇ ಎಂಬುದು. ಇವು ಇರುವ ತನಕ ವಜ್ಜಿಗಳಿಗೆ ಏಳಿಗೆಯೇ ಹೊರತು ಅವನತಿ ಇಲ್ಲ ಎನ್ನುತ್ತಾರೆ. ಆಮೇಲೆ ಇದೇ ಮಾತನ್ನು ಭಿಕ್ಷು ಸಂಘಕ್ಕೂ ಹೇಳುತ್ತಾರೆ.

ಈ ಎರಡನೆಯ ಪ್ರಶ್ನೆಯನ್ನು ನಮ್ಮ ಸಭೆಗಳಿಗೆ ಕೇಳಿ ನೋಡಿ. ಹತ್ತಕ್ಕೆ ನಾಲ್ಕು ಜನ, ಹತ್ತೂವರೆಗೆ ಎಂಟು, ಹನ್ನೊಂದಕ್ಕೆ ಹದಿನೈದು. ಹನ್ನೆರಡಾಗುತ್ತಿದ್ದಂತೆ ಮೊದಲು ಬಂದವರು ಬಸ್ಸಿಗೆ ಏಳುತ್ತಾರೆ. ತ್ರಿಶರಣ ಪಂಚಶೀಲ ಹೇಳಿದವರು ಬೇರೆ, ಚರ್ಚೆ ಮಾಡಿದವರು ಬೇರೆ, ತೀರ್ಮಾನ ತೆಗೆದುಕೊಂಡವರು ಬೇರೆ. ರಿಜಿಸ್ಟರಿನಲ್ಲಿ ಇಪ್ಪತ್ತು ಸಹಿ ಇದ್ದರೂ ಅಲ್ಲಿ ಸಂಘ ಒಂದು ಸಲವೂ ಸೇರಲಿಲ್ಲ.

ವಿನಯದಲ್ಲಿ ಇನ್ನೊಂದು ಪ್ರಸಂಗವಿದೆ. ರಾಜಗೃಹದಲ್ಲಿ ಮಹಾಕಪ್ಪಿನ ಎಂಬ ಹಿರಿಯ ಭಿಕ್ಷು ಇದ್ದರು. ಉಪೋಸಥದ ದಿನ ಅವರಿಗೆ ಯೋಚನೆ ಬಂತು. ನಾನು ಈಗಾಗಲೇ ಪೂರ್ತಿ ಶುದ್ಧನಾಗಿದ್ದೇನೆ, ಉಪೋಸಥಕ್ಕೆ ಹೋಗಬೇಕೇ, ಬೇಡವೇ? ಬುದ್ಧರು ಅವರಿದ್ದಲ್ಲಿಗೇ ಬಂದು, ನಿಮ್ಮಂಥವರೇ ಉಪೋಸಥವನ್ನು ಗೌರವಿಸದಿದ್ದರೆ ಇನ್ಯಾರು ಗೌರವಿಸುತ್ತಾರೆ, ಹೋಗಿ ಎಂದು ಹೇಳಿ ಕಳಿಸಿದರು. ನಮ್ಮಲ್ಲಿ ತಡವಾಗಿ ಬರುವವರು ಹೆಚ್ಚಾಗಿ ಹಿರಿಯ ಕಾರ್ಯಕರ್ತರೇ. ಪಂಚಶೀಲ ನಮಗೆ ಬಾಯಿಪಾಠ ಇದೆ, ಮುಖ್ಯ ಭಾಷಣಕ್ಕೆ ಹೋದರಾಯಿತು ಎಂಬ ಧೋರಣೆ. ನಾನೂ ಅದೇ ಸಾಲಿನವನು. ವಂದನೆ ನನಗೆ ಹೊಸದಲ್ಲದಿರಬಹುದು. ಆದರೆ ಪಕ್ಕದಲ್ಲಿ ಮೊದಲ ಸಲ ಪಂಚಶೀಲ ಹೇಳಲು ಬಂದ ಹುಡುಗಿಗೆ ನನ್ನ ದನಿಯ ಆಸರೆ ಬೇಕಿರುತ್ತದೆ.

ಕಾಯಿಲೆ ಬಿದ್ದ ಭಿಕ್ಷು ಏನು ಮಾಡಬೇಕು ಎಂಬುದಕ್ಕೂ ವಿನಯದಲ್ಲಿ ಉತ್ತರವಿದೆ. ಅವನು ತನ್ನ ಪರಿಶುದ್ಧಿಯನ್ನೂ ಸಂಘದ ಕೆಲಸಕ್ಕೆ ತನ್ನ ಒಪ್ಪಿಗೆಯನ್ನೂ ಇನ್ನೊಬ್ಬ ಭಿಕ್ಷುವಿನ ಮೂಲಕ ಹೇಳಿ ಕಳಿಸಬೇಕು. ಬರಲಾಗದಿದ್ದರೆ ಸುದ್ದಿಯಾದರೂ ಬರಬೇಕು. ಮೊಬೈಲು ಇಲ್ಲದ ಕಾಲದಲ್ಲಿ ಭಿಕ್ಷುಗಳು ಇದನ್ನು ಪಾಲಿಸಿದರು. ಕೈಯಲ್ಲಿ ಫೋನ್ ಹಿಡಿದ ನಾವು 'ಬರ್ತಾ ಇದೀನಿ, ಐದೇ ನಿಮಿಷ' ಎಂದು ಮನೆಯಿಂದಲೇ ಬರೆಯುತ್ತೇವೆ. ಅಲ್ಲಿಗೆ ಎರಡನೆಯ ಶೀಲದ ಜೊತೆ ನಾಲ್ಕನೆಯದೂ ಹೋಯಿತು.

ಹಾಜರಿರುವುದು ಎಂದರೇನು ಎಂದು ನಮ್ಮ ಕಾಲದಲ್ಲಿ ತೋರಿಸಿದವರು ಬಾಬಾಸಾಹೇಬರು. ಸಂವಿಧಾನದ ಕರಡು ಸಮಿತಿಯಲ್ಲಿ ಏಳು ಸದಸ್ಯರಿದ್ದರು. 1948ರ ನವೆಂಬರ್ 5ರಂದು ಟಿ.ಟಿ. ಕೃಷ್ಣಮಾಚಾರಿ ಅವರು ಸಂವಿಧಾನ ಸಭೆಯಲ್ಲಿ ಎದ್ದು ನಿಂತು ಆ ಏಳು ಜನ ಏನಾದರು ಎಂದು ವಿವರಿಸಿದರು. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರಿಗೆ ರಾಜ್ಯದ ಕೆಲಸ, ಒಂದಿಬ್ಬರು ದೆಹಲಿಯಿಂದ ದೂರವಿದ್ದರು. ಕೊನೆಗೆ ಕರಡಿನ ಭಾರ ಡಾ. ಅಂಬೇಡ್ಕರ್ ಅವರ ಮೇಲೆಯೇ ಬಿತ್ತು ಎಂದರು. ಆ ಸಮಿತಿ 141 ದಿನ ಕೂತಿತ್ತು. ಆಗ ಬಾಬಾಸಾಹೇಬರ ಆರೋಗ್ಯವೂ ಸರಿಯಿರಲಿಲ್ಲ.

ಇಷ್ಟಾದರೂ ಸಂವಿಧಾನ ತಡವಾಯಿತು ಎಂದು ಟೀಕಿಸಿದವರಿದ್ದರು. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಅದಕ್ಕೆ ಲೆಕ್ಕ ಕೊಟ್ಟು ಉತ್ತರಿಸಿದರು. ಕೆನಡಾಕ್ಕೆ ಎರಡು ವರ್ಷ ಐದು ತಿಂಗಳು, ಆಸ್ಟ್ರೇಲಿಯಾಕ್ಕೆ ಒಂಬತ್ತು ವರ್ಷ ಹಿಡಿದಿತ್ತು. ನಮ್ಮ ಸಂವಿಧಾನದಲ್ಲಿ 395 ವಿಧಿಗಳು, ಚರ್ಚೆಗೆ ಬಂದ ತಿದ್ದುಪಡಿಗಳೇ 2,473. ಕೆಲಸಕ್ಕೆ ಬೇಕಾದಷ್ಟು ಸಮಯ ಕೊಡುವುದು ಬೇರೆ, ತಡ ಮಾಡುವುದು ಬೇರೆ ಎಂದು ಅದನ್ನು ಓದಿದಾಗ ನನಗೆ ತಿಳಿಯಿತು. ಅವಸರ ಮಾಡುವುದು ಸಮಯಪಾಲನೆ ಅಲ್ಲ. ಸತ್ಪುರುಷನ ಏಳು ಗುಣಗಳಲ್ಲಿ ಬುದ್ಧರು 'ಕಾಲಞ್ಞೂ' ಎಂಬುದನ್ನು ಸೇರಿಸಿದ್ದಾರೆ, ಕಾಲವನ್ನು ಬಲ್ಲವನು ಎಂದು. ಇದು ಕಲಿಯುವ ಹೊತ್ತು, ಇದು ಕೇಳುವ ಹೊತ್ತು, ಇದು ಒಬ್ಬನೇ ಕೂರುವ ಹೊತ್ತು ಎಂದು ತಿಳಿದವನು. ಆ ಪಟ್ಟಿಯಲ್ಲಿ ಇದರ ನಂತರ ಬರುವುದು ಸಭೆಯನ್ನು ಬಲ್ಲವನು, ಆಮೇಲೆ ವ್ಯಕ್ತಿಯನ್ನು ಬಲ್ಲವನು. ಎದುರಿಗಿರುವ ಜನ ಯಾರು, ಅವರ ಬಸ್ಸು ಎಷ್ಟು ಗಂಟೆಗೆ ಎಂದು ತಿಳಿಯದವನಿಗೆ ಕಾಲ ತಿಳಿದಿದೆ ಎನ್ನಲಾಗದು.

*ಗಡಿಯಾರ ಯಾರ ಕೈಯಲ್ಲಿದೆ?*

ಒಂದು ಆಕ್ಷೇಪ ನ್ಯಾಯವಾದದ್ದೇ. ನಮ್ಮ ಬಳಗದ ಒಬ್ಬ ತರುಣ ಕೇಳಿದ: "ವಾರಪೂರ್ತಿ ಶಿಫ್ಟು, ಗೇಟು, ಹಾಜರಿ. ಐದು ನಿಮಿಷ ತಡವಾದರೆ ಗುತ್ತಿಗೆದಾರ ಅರ್ಧ ದಿನದ ಕೂಲಿ ಮುರೀತಾನೆ. ಭಾನುವಾರ ವಿಹಾರಕ್ಕೆ ಬಂದರೂ ಗಡಿಯಾರವೇನಾ?"

ದಾಂಡೇಲಿಯಂಥ ಕಾರ್ಖಾನೆ ಊರಿನಲ್ಲಿ ಬೆಳೆದ ಯಾರಿಗೂ ಈ ಮಾತು ಅರ್ಥವಾಗುತ್ತದೆ. ಗಡಿಯಾರ ಯಜಮಾನನ ಕೈಯಲ್ಲಿದ್ದಾಗ ಅದು ಕೋಲು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರ ಕಾರ್ಖಾನೆ ಕಾಯ್ದೆಯ ತಿದ್ದುಪಡಿ ಅವರ ಇಲಾಖೆಯಿಂದಲೇ ಬಂದದ್ದು. ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಕಾರ್ಮಿಕ ಮಾತ್ರ ಗಡಿಯಾರ ನೋಡಿ ಬರಬೇಕು ಎಂಬ ಕಡೆ, ಮಾಲೀಕನೂ ಗಡಿಯಾರ ನೋಡಿ ಬಿಡಬೇಕು ಎಂಬ ನಿಯಮ ಗಟ್ಟಿಯಾಯಿತು. ಹಾಗೆ ಕಾರ್ಮಿಕನಿಗೆ ಉಳಿದ ಸಮಯ ಅವನ ಸ್ವಂತದ್ದು. ಅದರಲ್ಲಿ ಎರಡು ತಾಸನ್ನು ಅವನು ಭಾನುವಾರ ನಮಗೆ ಕೊಡುತ್ತಾನೆ. ಅದನ್ನು ಪೋಲು ಮಾಡುವ ಹಕ್ಕು ಯಾರಿಗಿದೆ? ಹೆದರಿಕೆಯಿಂದ ಸಮಯಕ್ಕೆ ಬರುವುದು ಗುಲಾಮಗಿರಿ. ಹೆದರಿಕೆ ಇಲ್ಲದ ಕಡೆಯೂ, ದಂಡ ಇಲ್ಲದ ಕಡೆಯೂ ಸಮಯಕ್ಕೆ ಬಂದರೆ ಅದು ಮೈತ್ರಿ.

ಎಲ್ಲ ತಡವೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಜೋಯಿಡಾದ ಬಸ್ಸು ಕೆಟ್ಟು ನಿಂತರೆ ಅದು ಪ್ರಯಾಣಿಕರ ತಪ್ಪಲ್ಲ. ಹಳಿಯಾಳದಲ್ಲಿ ಕಬ್ಬು ಕಡಿಯುವ ಹಂಗಾಮಿನಲ್ಲಿ ಕೂಲಿಗೆ ಹೋದವರು, ರಾತ್ರಿ ಪಾಳಿ ಮುಗಿಸಿ ಕಣ್ಣು ಉಜ್ಜಿಕೊಂಡು ಬಂದವರು, ಮಕ್ಕಳಿಗೆ ಉಣಿಸಿ, ಮನೆಯವರಿಗೆಲ್ಲ ರೊಟ್ಟಿ ಬಡಿದು ಓಡಿ ಬಂದ ತಾಯಂದಿರು, ಇವರು ಹನ್ನೊಂದಕ್ಕೆ ಬಂದರೂ ಸ್ವಾಗತವೇ. ಇವರಿಗೆ ಸಮಯಪಾಲನೆಯ ಉಪದೇಶ ಮಾಡುವುದು ಸರಿಯಲ್ಲ. ಮೊದಲು ಅವರಿಗೆ ಅನುಕೂಲವಾದ ಹೊತ್ತು ಯಾವುದು ಎಂದು ಕೇಳಿ ಸಭೆ ಇಡುವುದು ನಮ್ಮ ಕೆಲಸ. ನನ್ನ ತಡ ಅಂಥದ್ದಾಗಿರಲಿಲ್ಲ. ಅದು ಚಹಾ ಅಂಗಡಿಯ ತಡ.

ಎರಡನ್ನೂ ಬೇರೆ ಮಾಡಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಅಲ್ಲಿ ಒಬ್ಬ ದೊಡ್ಡ ಅಧಿಕಾರಿ ನನಗಾಗಿ ಕಾಯುತ್ತಿದ್ದರೆ ಇವತ್ತು ಇಷ್ಟು ತಡ ಆಗುತ್ತಿತ್ತೇ? ಆಗುತ್ತಿತ್ತು ಎಂದಾದರೆ ಅದು ಪರಿಸ್ಥಿತಿ. ಆಗುತ್ತಿರಲಿಲ್ಲ ಎಂದಾದರೆ ಅದು ನನ್ನೊಳಗಿನ ಮೆಟ್ಟಿಲು.

ಇದೇ ಪ್ರಶ್ನೆಯನ್ನು ನಮ್ಮ ಏಪ್ರಿಲ್ 14ರ ವೇದಿಕೆಗಳಿಗೂ ಕೇಳಬೇಕು. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಮಕ್ಕಳು ನೀಲಿ ಬಾವುಟ ಹಿಡಿದು ಒಂಬತ್ತಕ್ಕೇ ಬಂದು ಬಿಸಿಲಲ್ಲಿ ನಿಂತಿರುತ್ತಾರೆ. ಮುಖ್ಯ ಅತಿಥಿ ಒಂದು ಗಂಟೆಗೆ ಬರುತ್ತಾರೆ. ಅಲ್ಲಿಯ ತನಕ ಬಾಬಾಸಾಹೇಬರ ಭಾವಚಿತ್ರಕ್ಕೆ ಹಾರ ಹಾಕುವುದಕ್ಕೂ ಕಾಯುತ್ತೇವೆ. ಸಮಾನತೆಯನ್ನು ನಂಬುತ್ತೇವೆ, ಅದನ್ನು ನೆಲೆಗೊಳಿಸಲು ಶ್ರಮಿಸುತ್ತೇವೆ ಎಂದು 22 ಪ್ರತಿಜ್ಞೆಗಳಲ್ಲಿ ಹೇಳಿದ ನಾವು ಒಬ್ಬರ ಸಮಯಕ್ಕೆ ಐನೂರು ಜನರ ಸಮಯವನ್ನು ಒತ್ತೆ ಇಡುತ್ತೇವೆ. ಅತಿಥಿ ಬಂದಾಗ ಬರಲಿ, ಮಕ್ಕಳ ಕೈಯಿಂದಲೇ ಹತ್ತು ಗಂಟೆಗೆ ಹಾರ ಹಾಕಿಸಿದರೆ ಬಾಬಾಸಾಹೇಬರಿಗೆ ಕಡಿಮೆ ಗೌರವ ಆಗುತ್ತದೆಯೇ?

ಮುಂಡಗೋಡದ ಟಿಬೆಟನ್ ಶಿಬಿರಕ್ಕೆ ನಾವು ಕೆಲವರು ಹೋಗಿದ್ದೆವು. 1966ರಲ್ಲಿ ನೆಲೆಯಾದ ಶಿಬಿರ ಅದು. ದೇಶ ಕಳೆದುಕೊಂಡು ಬಂದವರು ಡ್ರೆಪುಂಗ್, ಗಂದೆನ್ ಮಠಗಳನ್ನು ಅಲ್ಲಿ ಮತ್ತೆ ಕಟ್ಟಿದ್ದಾರೆ. ನಾವು ಹೋದ ದಿನ ಸೂಚನೆಯ ಸದ್ದು ಕೇಳಿದ್ದೇ ತಡ, ಪುಟ್ಟ ಪುಟ್ಟ ಭಿಕ್ಷುಗಳು ಕೆಂಪು ಚೀವರ ಹಿಡಿದುಕೊಂಡು ಓಡಿದರು. ಮೆಟ್ಟಿಲ ಬಳಿ ಚಪ್ಪಲಿಗಳು ರಾಶಿ ಬಿದ್ದವು. ಕೊನೆಯವನು ಒಳಗೆ ಹೋಗುವಷ್ಟರಲ್ಲಿ ಪಠಣ ಶುರುವಾಗಿತ್ತು. ಯಾರೂ ಅವನನ್ನು ಬೈಯಲಿಲ್ಲ, ಯಾರೂ ಅವನಿಗಾಗಿ ನಿಲ್ಲಲೂ ಇಲ್ಲ. ತಡವಾದವನಿಗೂ ಜಾಗ ಇತ್ತು. ನಮಗೂ ಅಷ್ಟು ಸಾಕು ಅನ್ನಿಸಿತು.

*ಇಂದಿನ ಅಭ್ಯಾಸ*

1. ಹೇಳಿದ ಹೊತ್ತಿಗೆ ಇಬ್ಬರೇ ಇದ್ದರೂ ತ್ರಿಶರಣ ಶುರು ಮಾಡೋಣ.
2. ಮುಗಿಯುವ ಹೊತ್ತನ್ನೂ ಮೊದಲೇ ಹೇಳೋಣ. ಅದಕ್ಕೆ ಅತಿ ದೂರದವರ ಬಸ್ಸೇ ಗಡಿಯಾರ ಆಗಲಿ.
3. ಬರಲಾಗದಿದ್ದರೆ, ತಡವಾಗುವುದಾದರೆ, ನಿಜ ಸುದ್ದಿ ಕಳಿಸೋಣ.
4. ತಡವಾಗಿ ಬಂದವರಿಗೆ ಜಾಗ ಬಿಡೋಣ, ಕಾರಣ ಕೇಳಿ ನಾಚಿಸುವುದು ಬೇಡ.
5. ಮನೆಯಲ್ಲಿ ನಮಗಾಗಿ ಊಟ ಹಿಡಿದು ಕಾಯುವವರೂ ಈ ಲೆಕ್ಕಕ್ಕೆ ಸೇರಲಿ.

ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಧಮ್ಮ ದೀಕ್ಷೆ ಆದ ಮೇಲೆ ಬಾಬಾಸಾಹೇಬರಿಗೆ ಉಳಿದದ್ದು 53 ದಿನ ಮಾತ್ರ. ಡಿಸೆಂಬರ್ 6ಕ್ಕೆ ಅವರು ಹೊರಟುಹೋದರು. ನಾವು ಓದುತ್ತಿರುವ ಗ್ರಂಥವನ್ನು ಅಚ್ಚಿನಲ್ಲಿ ಅವರು ನೋಡಲಿಲ್ಲ, ಅದು 1957ರಲ್ಲಿ ಬಂತು. ಅಪ್ಪಮಾದ ಎಂದರೆ ಎಚ್ಚರ ತಪ್ಪದಿರುವುದು. ಅದನ್ನು ದೊಡ್ಡ ಪದ ಎಂದುಕೊಂಡಿದ್ದೆ. ಈಗ ಅದು ನನಗೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಡುವುದರಿಂದ ಶುರುವಾಗುತ್ತದೆ.

ಈ ಭಾನುವಾರ ವಂದನೆ 10 ಗಂಟೆಗೆ, ಮುಕ್ತಾಯ 12 ಗಂಟೆ 15 ನಿಮಿಷಕ್ಕೆ. ಜೋಯಿಡಾ ಕಡೆಯವರಿಗೆ 1 ಗಂಟೆಯ ಬಸ್ಸು ಸಿಗುತ್ತದೆ. ಕೀಲಿ ಈಗ ಇಬ್ಬರ ಹತ್ತಿರ ಇದೆ. ಅಜ್ಜಿ ಬರುತ್ತೇನೆ ಅಂದಿದ್ದಾರೆ.

ನಮೋ ಬುದ್ಧಾಯ. ಜೈ ಭೀಮ್. 🙏